ಅವಮಾನಕ್ಕೆ ದೂರು ಕೊಡುವುದೆಲ್ಲಿ? ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಸಂಬಳ ಬಾಕಿಯಾದರೆ ಕಾರ್ಮಿಕ ಇಲಾಖೆಯಿದೆ. ಲೈಂಗಿಕ ಕಿರುಕುಳವಾದರೆ ಮಹಿಳೆಯರಿಗೆ 2013ರ ಕಾಯ್ದೆಯಿದೆ. 10 ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ, ಅದಕ್ಕಿಂತ ಸಣ್ಣ ಜಾಗಗಳಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಆದರೆ ದಿನವೂ ನಾಲ್ಕು ಜನರೆದುರು ಮರ್ಯಾದೆ ತೆಗೆಯುವ ಮೇಲಿನವರ ಬಗ್ಗೆ ಎಲ್ಲಿ ಹೇಳಬೇಕು?

ನನ್ನ ತಂಗಿ ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಳು. ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಮ್ಯಾನೇಜರ್ ಆ ಬಿಲ್ಲಿನ ಫೋಟೊ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಕೆಳಗೆ ನಗುವ ಇಮೋಜಿಗಳ ಸಾಲು. ಮಧ್ಯಾಹ್ನ ಅವಳ ಜೊತೆ ಊಟಕ್ಕೆ ಕೂರಲಿಕ್ಕೂ ಉಳಿದವರಿಗೆ ಹೆದರಿಕೆ, ನಾಳೆ ತಮ್ಮ ಸರದಿ ಬಂದರೆ ಎಂದು. ಮೊದಲು ನಿದ್ದೆ ಹೋಯಿತು. ಆಮೇಲೆ ಬೆಳಗ್ಗೆ ಸಿಟಿ ಬಸ್ ಹತ್ತುವಾಗಲೇ ಎದೆ ಡವಡವ, ಹೊಟ್ಟೆ ತೊಳಸು. ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದಳು. "ಕೆಲಸ ಅಂದಮೇಲೆ ಬೈಗುಳ ಇದ್ದದ್ದೇ" ಅಂದರು ನೆಂಟರು. ಕೊನೆಗೆ ಮನೋವೈದ್ಯರು ಕೇಳಿದ ಮೇಲೆಯೇ ಅಂಗಡಿಯ ವಿಷಯ ಅವಳ ಬಾಯಿಂದ ಬಂದದ್ದು. ಆತಂಕ, ಜೊತೆಗೆ ಖಿನ್ನತೆ ಎಂದರು.

ತಪ್ಪಾದಾಗ ಬೈಯುವುದು ಬೇರೆ. ಒಬ್ಬರನ್ನೇ ಗುರಿಯಿಟ್ಟು, ತಿರುಗಿ ಮಾತಾಡಲಾರರು ಎಂದು ಗೊತ್ತಿದ್ದೇ ಹಣಿಯುವುದು ಬೇರೆ. ಇದು ಹೆಂಗಸರಿಗೆ ಮಾತ್ರ ಆಗುವುದಲ್ಲ. ನಮ್ಮೂರಿನ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳಲ್ಲಿ ದುಡಿಯುವ ಗಂಡಸರೂ ಇದನ್ನು ನುಂಗಿಕೊಂಡೇ ಇದ್ದಾರೆ. ಸಾಲದ ಕಂತು ಇರುವವರು ರಾಜೀನಾಮೆ ಬರೆದಿಟ್ಟು ಬರುವುದು ಹೇಗೆ?

ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇವು ದೊಡ್ಡ ಆಸರೆ, ನಿಜ. ಆದರೆ ಮಾತ್ರೆ ತೆಗೆದುಕೊಂಡು ಮರುದಿನ ಅದೇ ಮ್ಯಾನೇಜರ್ ಎದುರು ಹೋಗಿ ಕೂತರೆ ಕಾಯಿಲೆ ವಾಸಿಯಾಗುವುದು ಹೇಗೆ?

ಹೊಸ ಕಾನೂನು ತರುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತಿದೆ. ನಿಮ್ಮಿಂದ ಆಗುವುದನ್ನೇ ಕೇಳುತ್ತಿದ್ದೇನೆ. ಇಂಥ ದೂರು ಕೇಳಲಿಕ್ಕೆ ಕಾರ್ಮಿಕ ಇಲಾಖೆಯಲ್ಲಿ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ. ದೂರು ಕೊಟ್ಟವರ ಹೆಸರು ಮಾಲೀಕರ ಕಿವಿಗೆ ಬೀಳಬಾರದು. ತಪಾಸಣೆಗೆ ಹೋಗುವ ಇನ್‌ಸ್ಪೆಕ್ಟರ್‌ಗಳು ಹಾಜರಿ ಪುಸ್ತಕ ನೋಡಿ ಹೊರಡದೆ, ಸಿಬ್ಬಂದಿಯನ್ನು ಮಾಲೀಕರ ಕಣ್ಣೆದುರಿನಿಂದ ಆಚೆ ಕರೆದು ಮಾತಾಡಿಸಲಿ. 14416 ಸಂಖ್ಯೆ ಪ್ರತಿ ಅಂಗಡಿ, ಆಫೀಸಿನ ಗೋಡೆಯಲ್ಲಿ ಕಾಣಲಿ. ಮಾಲೀಕರ ಸಭೆ ಕರೆದಾಗ ಕೆಲಸಗಾರರನ್ನೂ ಕರೆಯಿರಿ. ನಾನೂ ಬರುತ್ತೇನೆ.

ಇತಿ,
ಮಂಗಳೂರಿನ ಒಬ್ಬ ನಿವಾಸಿ