ಭೂಮಿ ಕೊಟ್ಟರು, ಬೆಳೆ ಕೇಳಿದರು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ‘ಅಪ್ಪಾ, ರಷ್ಯಾದಲ್ಲಿ ಕ್ರಾಂತಿ ಮಾಡಿದ ಲೆನಿನ್ ಜಮೀನ್ದಾರರ ಭೂಮಿ ಕಿತ್ತು ರೈತರಿಗೇ ಕೊಟ್ಟ. ಮೂರು ವರ್ಷಕ್ಕೆಲ್ಲ ಅದೇ ರೈತರು ಅವನ ಸರ್ಕಾರದ ಮೇಲೆ ಬಂದೂಕು ಹಿಡಿದರಲ್ಲ, ಯಾಕೆ?’ ಅಂದೆ. ಟಿವಿ ಗಲಾಟೆಯಲ್ಲಿ ಏನೋ ಹೇಳಿ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಇಪ್ಪತ್ತೆಂಟು ವರ್ಷ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನಿಗೆ ಈ ಪ್ರಶ್ನೆಗಾದರೂ ಉತ್ತರ ಗೊತ್ತಿರಬೇಡವೇ?

ಭೂಮಿಯ ಆದೇಶ ಹೊರಟಿದ್ದು 1917ರ ನವೆಂಬರ್‌ನಲ್ಲಿ, ಕ್ರಾಂತಿಯಾದ ಮಾರನೆಯ ರಾತ್ರಿ. ಜಮೀನ್ದಾರರಿಗೆ ಬಿಡಿಗಾಸಿನ ಪರಿಹಾರವೂ ಇಲ್ಲ. ರೈತರಿಗೆ ಹಬ್ಬ. ಆದರೆ ಭೂಮಿ ಸಿಕ್ಕಿತು ಅಂದಮಾತ್ರಕ್ಕೆ ಬೆಳೆ ಪೇಟೆಗೆ ಬರುತ್ತದಾ? ಧಾನ್ಯ ಮಾರಿ ಬಂದ ದುಡ್ಡಿಗೆ ರೈತನಿಗೆ ಬಟ್ಟೆ, ಮೊಳೆ, ಸೀಮೆಎಣ್ಣೆ ಸಿಗಬೇಕು. ಕಾರ್ಖಾನೆಗಳು ಮೂರು ವರ್ಷದಿಂದ ಯುದ್ಧದ ಸಾಮಾನು ಮಾಡುತ್ತಿದ್ದವು, ಆಮೇಲೆ ಕಲ್ಲಿದ್ದಲೂ ಇಲ್ಲ, ಹತ್ತಿಯೂ ಇಲ್ಲ. ಸರ್ಕಾರ ಮಾಡುತ್ತಿದ್ದ ಒಂದೇ ಮಾಲು ನೋಟು. ಹತ್ತು ಲಕ್ಷ ರೂಬಲ್‌ಗೆ ಜನ ತಮಾಷೆಗೆ ‘ಲಿಮೋನ್’ ಅನ್ನುತ್ತಿದ್ದರು, ಅಂದರೆ ನಿಂಬೆಹಣ್ಣು. ಅಂಥ ನೋಟು ತಗೊಂಡು ರೈತ ಏನು ಮಾಡಬೇಕು?

ಅವನು ಮಾರಲಿಲ್ಲ. ಅತ್ತ ಅಂತರ್ಯುದ್ಧ. ಉಕ್ರೇನ್, ಸೈಬೀರಿಯಾದಂಥ ಧಾನ್ಯದ ಸೀಮೆಗಳು ಕೈಬಿಟ್ಟಿದ್ದವು. ಸೈನ್ಯಕ್ಕೂ ಪೇಟೆಗೂ ಅನ್ನ ಬೇಕಲ್ಲ, ಸರ್ಕಾರ 1919ರ ಜನವರಿಯಲ್ಲಿ ‘ಪ್ರೊದ್‌ರಾಜ್ವ್ಯೋರ್‌ಸ್ತ್ಕ’ ಅನ್ನುವ ಪದ್ಧತಿ ತಂದಿತು. ಹೆಸರು ನಾಲಿಗೆಗೆ ಕಷ್ಟ, ವಿಷಯ ಸುಲಭ. ನಮ್ಮಲ್ಲಿ ಸರ್ಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ಅಳೆಸಿಕೊಳ್ಳುವ ಲೆವಿ ಅಂತಿತ್ತಲ್ಲ, ಅದರ ದೊಡ್ಡಣ್ಣ. ಲೆಕ್ಕ ಶುರುವಾಗುತ್ತಿದ್ದದ್ದು ಹಳ್ಳಿಯಲ್ಲಿ ಎಷ್ಟು ಉಳಿದಿದೆ ಅಂತಲ್ಲ, ಸರ್ಕಾರಕ್ಕೆ ಎಷ್ಟು ಬೇಕು ಅಂತ. ಆ ಮೊತ್ತವನ್ನು ಪ್ರಾಂತ್ಯಕ್ಕೆ ಇಷ್ಟು, ಜಿಲ್ಲೆಗೆ ಇಷ್ಟು, ಹಳ್ಳಿಗೆ ಇಷ್ಟು ಅಂತ ಹಂಚುವುದು. ಕೊಡದಿದ್ದರೆ ಬಂದೂಕಿನವರು ಬಂದು ಅಳೆದುಕೊಂಡು ಹೋಗುವುದು. ಎಷ್ಟೋ ಕಡೆ ಬಿತ್ತನೆ ಬೀಜವನ್ನೂ ಬಿಡಲಿಲ್ಲ.

ನಿನ್ನ ಮುತ್ತಜ್ಜ ಲೆವಿ ಕಾಲದಲ್ಲಿ ರಾಗಿಯನ್ನು ಹಗೇವಿಗೆ ಇಳಿಸಿ, ಮಣ್ಣು ಮುಚ್ಚಿ, ಮೇಲೆ ತಿಪ್ಪೆ ಹಾಕಿದ್ದರಂತೆ. ರಷ್ಯಾದವರೂ ಗುಂಡಿ ತೋಡಿ ಹೂತಿಟ್ಟರು. ಇದನ್ನು ನಿನ್ನ ಅಜ್ಜಿಗೆ ಹೇಳಿದೆ. ‘ಅಲ್ಲಿ ಉಪ್ಪಾದ್ರೂ ಸಿಗ್ತಿತ್ತಾ?’ ಅಂತ ಕೇಳಿದರು. ಇಲ್ಲಮ್ಮ, ಉಪ್ಪಿಗೂ ಬರ ಅಂದೆ. ‘ಮತ್ಯಾಕ್ ಬೆಳೀತಾರೆ’ ಅಂದು ಮಗ್ಗುಲಾದರು. ಪುಟ್ಟಿ, ನಿಜವಾಗಿ ಆದದ್ದೂ ಅದೇ. ಹೂತಿಟ್ಟದ್ದಕ್ಕಿಂತ ದೊಡ್ಡ ಪೆಟ್ಟು ಅಂದರೆ ರೈತ ಬಿತ್ತುವುದನ್ನೇ ಕಡಿಮೆ ಮಾಡಿದ. ತಿನ್ನುವಷ್ಟು ಬೆಳೆದರೆ ಸಾಕು, ಜಾಸ್ತಿ ಬೆಳೆದರೆ ಒಯ್ಯುವವರು ಬೇರೆ.

ಪೇಟೆ ಖಾಲಿಯಾಯಿತು. 1917ರಲ್ಲಿ ಪೆಟ್ರೊಗ್ರಾದ್‌ನಲ್ಲಿ 23 ಲಕ್ಷದ ಹತ್ತಿರ ಜನರಿದ್ದರು. 1920ಕ್ಕೆ ಉಳಿದದ್ದು 7 ಲಕ್ಷದ ಆಸುಪಾಸು. ಕಾರ್ಮಿಕರ ಕ್ರಾಂತಿಯಾದ ಊರಿನಿಂದ ಕಾರ್ಮಿಕರೇ ಅನ್ನ ಹುಡುಕಿಕೊಂಡು ಹಳ್ಳಿಗೆ ಹೋದರು. ಇದ್ದವರು ಚಳಿಗೆ ಮರದ ಮನೆ ಕಿತ್ತು ಉರಿಸಿದರು. ಚೀಲ ಹೊತ್ತು ರೈಲು ಹತ್ತಿ ಕದ್ದು ಧಾನ್ಯ ತರುವವರು ಇಲ್ಲದಿದ್ದರೆ ಇನ್ನೂ ಎಷ್ಟು ಜನ ಸಾಯುತ್ತಿದ್ದರೋ. ಕಾನೂನಿನ ಪ್ರಕಾರ ಅವರು ಕಾಳಸಂತೆಕೋರರು! ದುಡ್ಡಿಗೆ ಬೆಲೆ ಹೋದದ್ದನ್ನು ನೋಡಿ ‘ದುಡ್ಡೇ ಬೇಡದ ಸಮಾಜ ಬಂತು’ ಅಂತ ಖುಷಿಪಟ್ಟ ಪಂಡಿತರೂ ಇದ್ದರು. ಲೆಕ್ಕ ಬರೆಯುವವನಾಗಿ ನನಗೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಗಾದರೆ ರೈತರು ಮೂರು ವರ್ಷ ಯಾಕೆ ತಡೆದುಕೊಂಡರು? ಎದುರು ಕ್ರಾಂತಿಯ ವಿರೋಧಿಗಳ ಬಿಳಿ ಸೈನ್ಯವಿತ್ತು. ಅವರು ಗೆದ್ದರೆ ಜಮೀನ್ದಾರರು ವಾಪಸ್ ಬರುತ್ತಾರೆ ಅನ್ನುವ ಹೆದರಿಕೆ. ಲೆನಿನ್ ಕಡೆಯ ಕೆಂಪಿನವರು ಬೆಳೆ ಒಯ್ಯುತ್ತಾರೆ, ಬಿಳಿಯರು ಭೂಮಿಯನ್ನೇ ಒಯ್ಯುತ್ತಾರೆ. 1920ರ ಕೊನೆಗೆ ಬಿಳಿಯರು ಸೋತರು, ಆ ಹೆದರಿಕೆ ಹೋಯಿತು. ಬೆಳೆ ಒಯ್ಯುವುದು ಮಾತ್ರ ನಿಲ್ಲಲಿಲ್ಲ. ತಂಬೋವ್ ಪ್ರಾಂತ್ಯದಲ್ಲಿ ಆಗಲೇ ಎದ್ದಿದ್ದ ರೈತರ ದಂಗೆ ಇನ್ನೂ ಜೋರಾಗಿ ಹೊತ್ತಿ ಉರಿಯಿತು. 1921ರ ಮಾರ್ಚ್‌ನಲ್ಲಿ ಕ್ರೊನ್‌ಸ್ತಾತ್ ನೌಕಾನೆಲೆಯ ನಾವಿಕರೂ ಎದ್ದರು, 1917ರಲ್ಲಿ ಕ್ರಾಂತಿಯ ಮುಂದಾಳುಗಳಾಗಿದ್ದ ಅದೇ ಕ್ರೊನ್‌ಸ್ತಾತ್. ಎರಡನ್ನೂ ರಕ್ತ ಹರಿಸಿ ಅಡಗಿಸಿದರು. ಇದನ್ನು ನಾನು ಸಮರ್ಥಿಸಲಾರೆ.

ಆದರೆ ಅದೇ ತಿಂಗಳು ಕಮ್ಯುನಿಸ್ಟ್ ಪಕ್ಷದ ಹತ್ತನೇ ಮಹಾಧಿವೇಶನದಲ್ಲಿ ಲೆನಿನ್ ಹಿಂದೆ ಸರಿದ. ಕಿತ್ತುಕೊಳ್ಳುವುದರ ಬದಲು ಧಾನ್ಯದ ರೂಪದಲ್ಲಿ ತೆರಿಗೆ. ಎಷ್ಟು ಅಂತ ಮೊದಲೇ ಹೇಳುವುದು, ಕಟ್ಟಿದ ಮೇಲೆ ಉಳಿದದ್ದು ರೈತನದು, ಬೇಕಾದರೆ ಮಾರಲಿ. ಸಣ್ಣ ವ್ಯಾಪಾರ ಮತ್ತೆ ಶುರು. ಇದೇ ನಿನ್ನ ಪುಸ್ತಕದ ‘ಹೊಸ ಆರ್ಥಿಕ ನೀತಿ’. ಆದರೆ ಕೆಲವರ ಪಾಲಿಗೆ ಅದು ತಡವಾಗಿ ಬಂತು. ಆ ವರ್ಷ ವೋಲ್ಗಾ ಸೀಮೆಯಲ್ಲಿ ಮಳೆ ಕೈಕೊಟ್ಟಿತು, ಕಣಜದಲ್ಲಿ ಕೂಡಿಟ್ಟದ್ದು ಏನೂ ಇರಲಿಲ್ಲ. ಸತ್ತವರು ಸುಮಾರು 50 ಲಕ್ಷ. ಸಮಾಜವಾದಿ ಸರ್ಕಾರ ಅಮೆರಿಕದ ಅನ್ನ ಒಪ್ಪಿಕೊಳ್ಳಬೇಕಾಯಿತು. 1922ರ ಬೇಸಿಗೆಯಲ್ಲಿ ಅಮೆರಿಕದ ಅಡುಗೆಮನೆಗಳು ದಿನಕ್ಕೆ 1 ಕೋಟಿ ಜನರಿಗೆ ಬಡಿಸುತ್ತಿದ್ದವು.

ದುಡ್ಡನ್ನು ಸರಿಮಾಡಿದ್ದು ಹಣಕಾಸು ನೋಡುತ್ತಿದ್ದ ಸೊಕೊಲ್ನಿಕೋವ್. 1922ರಲ್ಲಿ ಚಿನ್ನದ ಆಧಾರದ ‘ಚೆರ್ವೋನೆತ್ಸ್’ ನೋಟು ತಂದರು. 1924ಕ್ಕೆ ಹಳೇ ರೂಬಲ್ ಎಲ್ಲ ಮುಗಿಸಿದಾಗ ಲೆಕ್ಕ ಎಷ್ಟಾಗಿತ್ತು ಗೊತ್ತಾ? ಮೊದಲಿನ 5,000 ಕೋಟಿ ರೂಬಲ್‌ಗೆ ಹೊಸದು ಒಂದು.

ನನಗೆ ತುಂಬಾ ಹಿಡಿಸುವುದು 1923ರ ‘ಕತ್ತರಿ’. ಫಸಲು ಚೆನ್ನಾಗಿ ಬಂತು, ಧಾನ್ಯದ ರೇಟು ಬಿತ್ತು. ಕಾರ್ಖಾನೆಯವರು ತಮ್ಮ ಮಾಲಿನ ರೇಟು ಏರಿಸುತ್ತಲೇ ಹೋದರು. ಲೆನಿನ್ ಜೊತೆಗಾರ ಟ್ರಾಟ್ಸ್ಕಿ ಎರಡು ಗೆರೆ ಎಳೆದು ತೋರಿಸಿದ, ಒಂದು ಮೇಲೆ, ಒಂದು ಕೆಳಗೆ, ಬಾಯಿ ತೆರೆದ ಕತ್ತರಿಯ ಹಾಗೆ. ಅಕ್ಟೋಬರ್ ಹೊತ್ತಿಗೆ ಅಷ್ಟೇ ಬಟ್ಟೆಗೆ ಯುದ್ಧಕ್ಕೆ ಮೊದಲು ಕೊಡುತ್ತಿದ್ದುದರ ಮೂರು ಪಟ್ಟು ಧಾನ್ಯ ಅಳೆಯಬೇಕಿತ್ತು. ಬಟ್ಟೆ ಗೋದಾಮಿನಲ್ಲೇ ಕೊಳೆಯಿತು. ಸರ್ಕಾರ ಕಾರ್ಖಾನೆಗಳ ಸಾಲ ಬಿಗಿ ಮಾಡಿ ರೇಟು ಇಳಿಸಿತು, ಕತ್ತರಿ ಮೆಲ್ಲಗೆ ಮುಚ್ಚಿತು. ಕೊಬ್ಬರಿ ರೇಟು ಬಿದ್ದ ವರ್ಷ ನಮ್ಮ ಮನೆಯಲ್ಲಿ ನಿನ್ನ ಶಾಲೆಯ ಫೀಸು ಏರಿದ್ದು ನೆನಪಿದೆಯಾ? ಅದೇ ಕತ್ತರಿ.

ನಾಲ್ಕು ವರ್ಷ ಕಳೆಯಿತು, ಮತ್ತೆ ಅದೇ ರಾಗ. ಸರ್ಕಾರ ಕೊಡುವ ಬೆಲೆ ಕಡಿಮೆಯಾಯಿತು ಅಂತ ರೈತರು ಧಾನ್ಯ ಹಿಡಿದಿಟ್ಟರು. ಬೆಲೆ ಸ್ವಲ್ಪ ಏರಿಸಿ ಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. 1928ರ ಜನವರಿಯಲ್ಲಿ ಲೆನಿನ್ ನಂತರ ಅಧಿಕಾರ ಹಿಡಿದ ಸ್ಟಾಲಿನ್ ತಾನೇ ರೈಲು ಹತ್ತಿ ಸೈಬೀರಿಯಾಕ್ಕೆ ಹೋದ, ಕೊಡದವರನ್ನು ಕೋರ್ಟಿಗೆಳೆಯಿರಿ ಅಂದ. ಮುಂದಿನದ್ದು ದೊಡ್ಡ ಕಥೆ, ರಜಕ್ಕೆ ಬಂದಾಗ ಹೇಳುತ್ತೇನೆ.

ನಾಳೆ ಹರಾಜಿದೆ, ಬೇಗ ಏಳಬೇಕು. ಅಮ್ಮ ಕೊಬ್ಬರಿ ಮಿಠಾಯಿ ಕಳಿಸಿದ್ದಾಳೆ, ರೂಮಿನವರಿಗೂ ಕೊಡು.

ನಿನ್ನ
ಅಪ್ಪ