ಮುಂದಕ್ಕೆ ಹಾಕಿದ್ದಾರೆ, ತಳ್ಳಿಹಾಕಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾವು ಗೋಣಿಕೊಪ್ಪದ ಹತ್ತಿರ ಕಾಫಿ ಬೆಳೆಯುವವರು. ಮಗಳು ಎರಡನೇ ಪಿಯುಸಿ. ಅಮೆರಿಕದ ಒಂದು ಕಾಲೇಜಿಗೆ ನವೆಂಬರ್ 1ರೊಳಗೆ ‘ಅರ್ಲಿ ಆಕ್ಷನ್’ ಅರ್ಜಿ, ಅಂದರೆ ಬೇಗ ಹಾಕಿ ಬೇಗ ಉತ್ತರ ಪಡೆಯುವ ಅರ್ಜಿ, ಹಾಕಿದ್ದಳು. ಹುತ್ತರಿಗೆ ಬಂದ ನೆಂಟರಿಗೆಲ್ಲ ನಾನು ಹೇಳಿಯೂ ಆಗಿತ್ತು.

ಡಿಸೆಂಬರ್ ಮಧ್ಯದಲ್ಲಿ ಉತ್ತರ ಬಂತು. ಅಲ್ಲಿ ಸಂಜೆ 5 ಗಂಟೆ ಅಂದರೆ ನಮಗೆ ಬೆಳಗಿನ ಜಾವ ಮೂರೂವರೆ. ಕರೆಂಟ್ ಇರಲಿಲ್ಲ. ಸಿಗ್ನಲ್ ಸಿಗೋದು ಕಣದ ಮೂಲೆಯಲ್ಲಿ ಮಾತ್ರ. ಟಾರ್ಪಾಲು ಹೊದಿಸಿದ ಕಾಫಿ ರಾಶಿಯ ಪಕ್ಕ ನಡುಗುತ್ತಾ ನಿಂತು ಓದಿದೆವು. ‘ಡಿಫರ್ಡ್’ ಅಂತಿತ್ತು. ನಾನು ಫೇಲ್ ಅಂದುಕೊಂಡೆ. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದು ಫೇಲ್ ಅಲ್ಲ, ತೀರ್ಮಾನವನ್ನು ಮುಂದಕ್ಕೆ ಹಾಕಿದ್ದಾರೆ ಅಷ್ಟೇ. ಅರ್ಜಿಯನ್ನು ಜನವರಿಯ ಸಾಮಾನ್ಯ ಅರ್ಜಿಗಳ ಜೊತೆ ಇನ್ನೊಮ್ಮೆ ನೋಡುತ್ತಾರೆ. ಉತ್ತರ ಮಾರ್ಚ್ ಕೊನೆಗೆ. ವೇಟ್‌ಲಿಸ್ಟ್ ಬೇರೆ, ಅದು ಕೊನೆಗೆ ಸೀಟು ಉಳಿದರೆ ಮಾತ್ರ.

ನಾವು ದುಡ್ಡು ಕೊಟ್ಟಿದ್ದ ಸಲಹೆಗಾರರು ಇನ್ನೂ ನಾಲ್ಕು ಶಿಫಾರಸು ಪತ್ರ ಕಳಿಸೋಣ, ಅದಕ್ಕೆ ಬೇರೆ ಪ್ಯಾಕೇಜ್ ಇದೆ ಅಂದರು. ಕಾಲೇಜಿನ ಪತ್ರದಲ್ಲೇ ಎಲ್ಲ ಬರೆದಿತ್ತು: ಅರ್ಧ ವರ್ಷದ ಅಂಕ ಕಳಿಸಿ, ಹೊಸದೇನಾದರೂ ಇದ್ದರೆ ತಿಳಿಸಿ, ಶಿಫಾರಸು ಇನ್ನು ಬೇಡ. ಮೊದಲು ಅದನ್ನು ಓದಬೇಕಿತ್ತು, ಅಲ್ವಾ?

ಹೊಸದೇನಿದೆ ಅಂತ ತಿಳಿಸಲು ಮಗಳು ಕಾಲೇಜಿಗೆ ಮೊದಲು ಬರೆದ ಪತ್ರ ಮೂರು ಪುಟ, ಬರೀ ‘ನನ್ನ ಕನಸಿನ ಕಾಲೇಜು’ ಅಂತ. ಅವಳ ಇಂಗ್ಲಿಷ್ ಲೆಕ್ಚರರ್ ಓದಿ, ನವೆಂಬರ್ ಆದಮೇಲೆ ನೀನು ಏನು ಮಾಡಿದೆ ಅದನ್ನು ಬರಿ ಅಂದರು. ಕಣದಲ್ಲಿ ನಾಲ್ಕು ಟ್ರೇ ಕಾಫಿ ಹಣ್ಣನ್ನು ದಿನಾ ತೂಗಿ, ಮೋಡದ ದಿನ ಎಷ್ಟು ನಿಧಾನ ಒಣಗುತ್ತೆ ಅಂತ ಬರೆದಿಟ್ಟ ನೋಟ್‌ಬುಕ್ ಒಂದಿತ್ತು. ನನಗೆ ಅದು ಹುಡುಗಾಟ ಅನ್ನಿಸಿತ್ತು. ಪತ್ರ ಅದರ ಮೇಲೆಯೇ ನಿಂತಿತು, ಒಂದೇ ಪುಟ. ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅಂತ ಅವಳು ಬರೆಯಲಿಲ್ಲ. ಸ್ಕಾಲರ್‌ಶಿಪ್ ಎಷ್ಟು ಅಂತ ಗೊತ್ತಾಗದೆ ಹಾಗೆ ಬರೆದರೆ ಸುಳ್ಳಾಗುತ್ತೆ.

ಸಲಹೆಗಾರರು ಬೇರೆ ಕಾಲೇಜಿಗೆ ‘ಅರ್ಲಿ ಡಿಸಿಷನ್ 2’ ಹಾಕಿ ಅಂತಲೂ ಒತ್ತಾಯ ಮಾಡಿದರು. ಅದರಲ್ಲಿ ಸೀಟು ಸಿಕ್ಕರೆ ಅಲ್ಲಿಗೇ ಹೋಗಬೇಕು. ಬೇರೆ ಕಡೆಯ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡೋಕೆ ಆಗಲ್ಲ. ನಾವು ಬೇಡ ಅಂದೆವು. ಅದರ ಬದಲು ಇನ್ನೂ ಐದು ಕಡೆ ಸಾಮಾನ್ಯ ಅರ್ಜಿ ಹಾಕಿದಳು. ಹೆಚ್ಚಿನ ಕಡೆ ಗಡುವು ಜನವರಿ ಮೊದಲ ವಾರ. ಅಳೋಕೆ ಸಿಕ್ಕಿದ್ದು ಎರಡೇ ದಿನ. ಸಿಇಟಿ ಓದು ಹೇಗೂ ನಡೆದಿದೆ.

ನಿಮ್ಮ ಶಿಕ್ಷಣ ಪುಟದಲ್ಲಿ ಸಿಇಟಿ, ನೀಟ್ ಬಗ್ಗೆ ಬರೆಸುವ ಹಾಗೆ ಡಿಸೆಂಬರ್‌ನಲ್ಲಿ ಒಂದು ದಿನ ಇದನ್ನೂ ಕನ್ನಡದಲ್ಲಿ ಬರೆಸಿ. ನಮ್ಮಂಥ ಅಪ್ಪಂದಿರು ಬೆಳಗಿನ ಜಾವ ಕಣದಲ್ಲಿ ನಿಂತು ಡಿಕ್ಷನರಿ ಹುಡುಕೋದು ತಪ್ಪುತ್ತೆ.

– ಒಬ್ಬ ಕಾಫಿ ಬೆಳೆಗಾರ, ಗೋಣಿಕೊಪ್ಪ, ಕೊಡಗು