ಪಾಡ್ಯದ ದಿನ ಸಿಂಗಾಪುರದಿಂದ

ತೀರ್ಥರೂಪ ಅಪ್ಪಯ್ಯನವರಿಗೂ ಆಯಿಗೂ ಸಾಷ್ಟಾಂಗ ನಮಸ್ಕಾರಗಳು.

ಇಂದು ಶಿರಸಿಯಲ್ಲಿ ದೊಡ್ಡಹಬ್ಬ. ಇಷ್ಟು ಹೊತ್ತಿಗೆ ಗೋಪೂಜೆ ಮುಗಿದು, ಪಚ್ಚೆತೆನೆ, ಅಡಿಕೆ, ಚೆಂಡುಹೂವು ಪೋಣಿಸಿದ ಮಾಲೆ ಹಾಕಿಕೊಂಡ ದನಗಳನ್ನು ನೀವು ಬಯಲಿಗೆ ಬಿಟ್ಟಿರುತ್ತೀರಿ. ಇಲ್ಲಿ ದೀಪಾವಳಿಗೆ ಒಂದೇ ದಿನ ರಜೆ. ಭಾರತೀಯರಲ್ಲಿ ತಮಿಳರೇ ಹೆಚ್ಚಾಗಿರುವುದರಿಂದ ಅದು ನರಕ ಚತುರ್ದಶಿಗೇ ಮುಗಿದುಹೋಯಿತು.

ಅಂದು ಬೆಳಗಿನ ಜಾವವೇ ಪಕ್ಕದ ಮನೆಯ ತಮಿಳು ಅಜ್ಜಿ ಎಣ್ಣೆಸ್ನಾನ ಮಾಡಿ, ಶುಂಠಿ, ಕಾಳುಮೆಣಸು ಹಾಕಿ ಕಾಸಿದ ಲೇಹ್ಯ ತಂದುಕೊಟ್ಟು, "ಗಂಗಾಸ್ನಾನ ಆಯಿತೇ?" ಎಂದು ವಿಚಾರಿಸಿದರು. ಸೂರ್ಯ ಹುಟ್ಟುವ ಮುನ್ನ ಆಯಿ ಬಾವಿಯಿಂದ ಬೂರೆ ನೀರು ತರುತ್ತಿದ್ದುದು ಕಣ್ಣಿಗೆ ಕಟ್ಟಿತು. ಅದೇ ಮುಂಜಾವಿನಲ್ಲಿ ಕಾರವಾರದ ಅತ್ತೆಯ ಕಡೆ, ಗೋವೆಯಲ್ಲಿ ಮಾಡುವಂತೆ, ನರಕಾಸುರನ ಪ್ರತಿಕೃತಿ ಸುಟ್ಟು, ತುಳಸಿಕಟ್ಟೆಯ ಎದುರು ಕಹಿಯಾದ ಹಿಂಡ್ಲೆಕಾಯಿಯನ್ನು ಕಾಲಿನಿಂದ ಮೆಟ್ಟಿ ಒಡೆಯುತ್ತಾರಲ್ಲವೇ? ಅಮಾವಾಸ್ಯೆಯ ರಾತ್ರಿ ಬಂಗಾಳಿಗಳಿಗೆ ಕಾಳಿಪೂಜೆ. ಗುಜರಾತಿಗಳಿಗೆ ಲೆಕ್ಕಪುಸ್ತಕಗಳ ಪೂಜೆ, ಮರುದಿನ ಹೊಸವರ್ಷ.

ಆದರೆ ನನ್ನ ಮನಸ್ಸು ನಿಂತದ್ದು ಬಲೀಂದ್ರನ ಬಳಿ. ನಮ್ಮಲ್ಲಿ ಚತುರ್ದಶಿಯಂದು ಕಲಶದಲ್ಲಿ ಬಂದು ಕೂರುವ ಅವನು, ಕೇರಳದಲ್ಲಿ ಸಿಂಹಮಾಸದ ಶ್ರವಣ ನಕ್ಷತ್ರದಂದು, ಓಣಂ ಹಬ್ಬಕ್ಕೆ, ಹೂವಿನ ರಂಗೋಲಿಯ ನಡುವೆ ಬರುತ್ತಾನೆ. ಕಚೇರಿಯ ಮಲಯಾಳಿ ಗೆಳತಿಗೆ ನಾವು ಅವನನ್ನು ದೀಪಾವಳಿಗೆ ಕರೆಯುವುದು ಗೊತ್ತೇ ಇರಲಿಲ್ಲ. ತಮ್ಮ ದೊರೆ ಇನ್ನೊಂದು ಊರಿಗೂ ಹೋಗುತ್ತಾನೆಂದು ತಿಳಿದು ಅವಳ ಕಣ್ಣು ತುಂಬಿತು. ಮಹಾರಾಷ್ಟ್ರದ ಹೆಂಗಸರು ಇಂದಿಗೂ ಆರತಿ ಎತ್ತುವಾಗ "ಇಡಾ ಪೀಡಾ ಟಳೋ, ಬಳೀಚೇ ರಾಜ್ಯ ಯೇವೋ", ಅಂದರೆ ಕಷ್ಟ ಕಳೆದು ಬಲಿಯ ರಾಜ್ಯ ಬರಲಿ, ಎಂದು ಹರಸುತ್ತಾರೆ. ವಾಮನನಿಗೆ ಸೋತವನನ್ನು ನಾವು ಇಂದ್ರನೆಂದು ಕರೆಯುವುದೇಕೆಂದು ಚಿಕ್ಕಂದಿನಲ್ಲಿ ನಾನು ಕೇಳಿದಾಗ, ಮುಂದಿನ ಮನ್ವಂತರಕ್ಕೆ ಅವನೇ ಇಂದ್ರ ಎಂದು ನೀವು ಹೇಳಿದ ಉತ್ತರವನ್ನೇ ಅವಳಿಗೂ ಹೇಳಿದೆ. ಉತ್ತರ ಭಾರತದಲ್ಲಿ ಬಲಿಯ ಬದಲು ಗೋವರ್ಧನ ಪೂಜೆ ನಡೆಯುವುದೂ ಇದೇ ಪಾಡ್ಯದಂದು. ಅಲ್ಲಿಯೂ ದನಗಳಿಗೇ ಅಲಂಕಾರ ಎಂಬುದು ನನಗೆ ಬಹಳ ಹಿತವೆನಿಸಿತು.

ಇಲ್ಲಿ ಕೊಟ್ಟಿಗೆಯಿಲ್ಲ, ಅಡಿಕೆಯ ಹೂಗೊನೆಯಾದ ಶಿಂಗಾರವೂ ಸಿಗಲಿಲ್ಲ. ಚೊಂಬಿಗೆ ಅಕ್ಕಿ ತುಂಬಿ ತೆಂಗಿನಕಾಯಿ ಇಟ್ಟು ಬಲೀಂದ್ರನನ್ನು ಕೂರಿಸಿದ್ದೇನೆ. ಇಂದು ರಾತ್ರಿ ಬಿಂಗಿಪದದವರು ದೀಪ ಹಿಡಿದು ಮನೆಗೆ ಬಂದಾಗ, ಅಪ್ಪಯ್ಯ, ಅವರು ಹಾಡುವುದನ್ನು ಮೊಬೈಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹಿಡಿದು ಕಳಿಸಿರಿ. ಅದನ್ನು ಕೇಳಿಸಿಯೇ ಇವನನ್ನು ಕಳಿಸಿಕೊಡುತ್ತೇನೆ.

ನಿಮ್ಮ ಪ್ರೀತಿಯ ಮಗಳು